ನಂಟರ ಹತ್ತಿರ ಕಮಿಷನ್ನಾ?

ನಮ್ಮ ಮನೆಯಲ್ಲಿ ಗ್ಯಾಸ್ ಒಲೆ ಒರೆಸುವ ಬಟ್ಟೆಗೂ ಜರಿ ಅಂಚಿದೆ. ಬಂದವರು ನೋಡಿ ಹುಬ್ಬೇರಿಸುತ್ತಾರೆ. ಮೊನ್ನೆ ಪಕ್ಕದ ಮನೆಯ ಸೊಸೆ, "ಆಂಟಿ, ಇಷ್ಟು ಚೆನ್ನಾಗಿರೋ ಶಲ್ಯಾನ ಮಸಿಬಟ್ಟೆ ಮಾಡ್ಕೊಂಡಿದೀರಲ್ಲ!" ಎಂದು ಮರುಗಿದಳು. ಪಾಪ, ಅವಳಿಗೇನು ಗೊತ್ತು! "ಬೇಕಾದ್ರೆ ತಗೊಂಡ್ಹೋಗಮ್ಮ, ಟ್ರಂಕಲ್ಲಿ ಇನ್ನೂ ಇವೆ" ಎಂದೆ. ಅವಳು ನನ್ನನ್ನು ಅನುಮಾನದಿಂದ ನೋಡಿ ಹೊರಟುಹೋದಳು.

ಆ ಟ್ರಂಕು ನನಗೆ ಅಮ್ಮನಿಂದ ಬಂದದ್ದು. ಅದರೊಳಗಿರುವುದು ನಮ್ಮಪ್ಪನ ಜೀವಮಾನದ ದುಡಿಮೆ. ಮಡಿಕೆ ಬಿಚ್ಚದ ಶಲ್ಯಗಳು, ಪಂಚೆಗಳು, ಅಮ್ಮನ ಪಾಲಿಗೆ ಬಂದ ರವಿಕೆ ಕಣಗಳು. ಒಂದೊಂದನ್ನು ಕೈಗೆತ್ತಿಕೊಂಡಾಗಲೂ ಒಬ್ಬೊಬ್ಬ ನಂಟನ ಮುಖ ಎದುರಿಗೆ ಬಂದು ನಿಲ್ಲುತ್ತದೆ, ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ಅವುಗಳಲ್ಲಿ ಒಲೆ ಒರೆಸುತ್ತೇನೆ. ಇದರಿಂದ ಮನಸ್ಸಿಗೆ ಸಮಾಧಾನವಾಗುತ್ತದೆಯೇ ಎಂದು ಕೇಳಬೇಡಿ. ಒಲೆ ಚೊಕ್ಕಟವಾಗುತ್ತದೆ, ಅಷ್ಟೇ.

ನಮ್ಮಪ್ಪ ಗೋಪಾಲಪ್ಪ ಕೋಲಾರದಲ್ಲಿ ಜಮೀನು, ಮನೆ ಮಾರಿಸಿಕೊಡುವ ದಲ್ಲಾಳಿಯಾಗಿದ್ದ. ಎಪ್ಪತ್ತರ ದಶಕದಲ್ಲಿ ಆ ಕಸುಬಿಗೆ ಬೋರ್ಡಿಲ್ಲ, ಆಫೀಸಿಲ್ಲ. ಬಸ್ ಸ್ಟ್ಯಾಂಡಿನ ಎದುರು ಒಂದು ಹೋಟೆಲಿತ್ತು, ಅದರ ಮೂಲೆಯ ಬೆಂಚೇ ಅವನ ಆಫೀಸು. ಜಮೀನು ಕೊಳ್ಳುವವನು ಬಂದು ಕ್ಯಾಷ್ ಟೇಬಲಿನಲ್ಲಿ "ಬ್ರೋಕರ್ ಗೋಪಾಲಪ್ಪ ಎಲ್ಲಿ?" ಎಂದರೆ, ಹೋಟೆಲಿನವನು ತಲೆಯೆತ್ತದೆ ಗಲ್ಲದಲ್ಲೇ ಆ ಬೆಂಚನ್ನು ತೋರಿಸುತ್ತಿದ್ದ. ಅಲ್ಲಿ ಅಪ್ಪನಿಲ್ಲ ಅಂದರೆ ಮಾಲೂರಿನಲ್ಲೋ ಮುಳಬಾಗಿಲಿನಲ್ಲೋ ಇದ್ದಾನೆ ಎಂದು ಅರ್ಥ. ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ಮನೆಯಲ್ಲಿ ಅವನ ಚಪ್ಪಲಿಗಿಂತ ಬೇಗ ಸವೆಯುತ್ತಿದ್ದ ವಸ್ತು ಒಂದೇ, ಅಮ್ಮನ ತಾಳ್ಮೆ.

ಅಪ್ಪನ ಷರಟಿನ ಜೇಬು ಒಗೆಯುವುದು ನನ್ನ ಪಾಲಿಗೆ ಬಂದ ಕೆಲಸ. ಯಾಕೆ ಜೇಬಿಗೇ ಒಂದು ಪ್ರತ್ಯೇಕ ಒಗೆತ ಅಂದರೆ, ಅದರ ತುಂಬ ಮಣ್ಣು. ಮಾಲೂರಿನ ಕಡೆ ಇಟ್ಟಿಗೆ ಗೂಡು ಹಾಕುವವರು ಜಾಗ ಹುಡುಕಿಕೊಡು ಎಂದರೆ, ಅಪ್ಪ ಹೊಲಕ್ಕೆ ಹೋಗಿ ಒಂದು ಹಿಡಿ ಮಣ್ಣು ತೆಗೆದು, ಅದಕ್ಕೆ ಥೂ ಎಂದು ಉಗುಳಿ, ಅಂಗೈಯಲ್ಲಿ ನಾದಿ, ಚಕ್ಕುಲಿ ಹಿಟ್ಟಿನ ಹಾಗೆ ಹೊಸೆದು ಸುತ್ತುತ್ತಿದ್ದ. ಬಿರುಕು ಬಿಡದಿದ್ದರೆ ಇಟ್ಟಿಗೆಗೆ ಆಗುತ್ತದೆ. ಬಿಟ್ಟರೆ, "ಇದ್ರಲ್ಲಿ ರಾಗಿ ಬಿತ್ಕೊಳ್ರಪ್ಪ" ಎಂದು ಎದ್ದು ಬರುತ್ತಿದ್ದ. ಆದ ಮಣ್ಣು, ಆಗದ ಮಣ್ಣು ಎಲ್ಲ ಅದೇ ಜೇಬಿನಲ್ಲಿ. ಶ್ರೀನಿವಾಸಪುರದ ಮಾವಿನ ತೋಪನ್ನು ಕೊಳ್ಳುವವರಿಗೆ ತೋರಿಸುವುದಾದರೆ ಹೂ ಬಿಡುವ ಕಾಲದಲ್ಲಿ ಸುತರಾಂ ಕರೆದುಕೊಂಡು ಹೋಗುತ್ತಿರಲಿಲ್ಲ. ಕಾಯಿ ಕಿತ್ತು, ಮರ ಬೋಳಾಗಿ, ನೋಡಿದರೆ ಬೇಜಾರಾಗುವ ಹೊತ್ತಿಗೆ ಕರೆದೊಯ್ಯುತ್ತಿದ್ದ. "ಹೂವು ನೋಡಿ ಮರುಳಾದೋನು ಆಮೇಲೆ ಬಂದು ನನ್ನ ಬೈತಾನೆ. ಹಿಂಗೇ ನೋಡಿ ಒಪ್ಪಿದ್ರೆ ಒಪ್ಲಿ" ಎನ್ನುತ್ತಿದ್ದ. ಇಂಥ ಮನುಷ್ಯ ಸಾಹುಕಾರ ಆಗುವುದುಂಟೇ? ನೀವೇ ಹೇಳಿ.

ದಲ್ಲಾಳಿಗೆ ಅಲ್ಲಿನ ರೂಢಿ ನೂರಕ್ಕೆ ಎರಡು. ಮಾರುವವರೂ ಕೊಡಬೇಕು, ಕೊಳ್ಳುವವರೂ ಕೊಡಬೇಕು. ರಿಜಿಸ್ಟ್ರಿ ಮುಗಿದ ಮೇಲೆ ಎಲ್ಲರೂ ಹೋಟೆಲಿಗೆ ಹೋಗಿ ದೋಸೆ ತಿಂದು, ಎರಡೂ ಕಡೆಯವರು ವೀಳ್ಯದೆಲೆಯಲ್ಲಿಟ್ಟು ಕೈಗೆ ಕೊಡುತ್ತಾರೆ. ಅದಕ್ಕೆ ಮುಂಚೆ ಆ ಮಾತು ಬರಕೂಡದು. ಅಪ್ಪ ಇದನ್ನು ಮಂತ್ರದಂತೆ ಹೇಳುತ್ತಿದ್ದ: "ವ್ಯಾಪಾರ ಮುಗಿಯೋ ಮುಂಚೆ ಕಮಿಷನ್ ಮಾತು ಎತ್ಬಾರ್ದು ಕಣೇ. ಎತ್ತಿದ್ರೆ ಎಂಥ ವ್ಯಾಪಾರಾನೂ ಮುರಿದುಬೀಳುತ್ತೆ." ಅದೇನೋ ಸರಿ. ಆದರೆ ಮುಗಿದ ಮೇಲೂ ಎತ್ತುತ್ತಿರಲಿಲ್ಲವಲ್ಲ, ಅದು ಯಾವ ಶಾಸ್ತ್ರ?

ಯಾಕೆ ಎತ್ತುತ್ತಿರಲಿಲ್ಲ ಅಂದರೆ, ಎದುರಿಗೆ ಕೂತವರು ನಂಟರಾಗಿರುತ್ತಿದ್ದರು. ನಂಟರ ಹತ್ತಿರ ಕಮಿಷನ್ ತೆಗೆದುಕೊಳ್ಳಬಾರದು. ಒಂದು ತಟ್ಟೆಯಲ್ಲಿ ಶಲ್ಯ, ಪಂಚೆ, ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು ಕೊಟ್ಟರೆ ಮುಗಿಯಿತು. ಇದನ್ನು ಯಾರು ಬರೆದಿಟ್ಟರೋ ಅವರ ಮನೆ ತಣ್ಣಗಿರಲಿ! ಹೋಗಲಿ, ನಂಟರೇನು ನಾಲ್ಕು ಜನರೇ? ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಯಾರನ್ನು ಹಿಡಿದು ಎಳೆದರೂ ಎಲ್ಲೋ ಒಂದು ಕಡೆ ನಂಟಸ್ತನ ಸಿಕ್ಕಿಹಾಕಿಕೊಂಡಿರುತ್ತದೆ. ಜಮೀನು ತೋರಿಸುವಾಗ "ರೀ ಗೋಪಾಲಪ್ಪನೋರೇ" ಎನ್ನುತ್ತಿದ್ದವರು ಅಗ್ರಿಮೆಂಟಿನ ಹೊತ್ತಿಗೆ "ಗೋಪಾಲಣ್ಣ" ಎನ್ನುತ್ತಿದ್ದರು, ರಿಜಿಸ್ಟ್ರಿಯ ದಿನ "ಬಾವಾ" ಎಂದು ತಬ್ಬಿಕೊಳ್ಳುತ್ತಿದ್ದರು.

ಮುಳಬಾಗಿಲಿನ ಒಬ್ಬ ದೊಡ್ಡ ಮನುಷ್ಯನನ್ನಂತೂ ನಾನು ಸಾಯುವವರೆಗೂ ಮರೆಯುವುದಿಲ್ಲ. ಆರು ತಿಂಗಳು ಅಪ್ಪನನ್ನು ಬಿಸಿಲಲ್ಲಿ ಓಡಾಡಿಸಿ ಮನೆ ಮಾರಿಸಿಕೊಂಡ. ಕೊನೆಗೆ ನಮ್ಮ ಮನೆಗೇ ಬಂದು, ಅಮ್ಮ ಮಾಡಿದ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದು, ನಮ್ಮಜ್ಜಿಯ ತವರೂರಿಗೂ ಅವನ ಹೆಂಡತಿಯ ಊರಿಗೂ ಒಂದೇ ಕೆರೆ ಎಂಬುದನ್ನು ಕಂಡುಹಿಡಿದ. "ಮನವಾಳ್ಳೇ ಕದಾ ಬಾವಾ, ಮನಲೋ ಮನಕೇಮಿ ಕಮಿಷನು!" ಎಂದು ತೆಲುಗಿನಲ್ಲಿ ರಾಗ ಎಳೆದ. ನಮ್ಮವರೇ ಅಲ್ಲವೇ, ನಮ್ಮನಮ್ಮಲ್ಲಿ ಕಮಿಷನ್ ಯಾತಕ್ಕೆ ಎಂದು. ಅಪ್ಪ ನಗುತ್ತಾ "ಅಯ್ಯೋ, ಬೇಡ ಬಿಡಿ" ಎಂದು ತಟ್ಟೆ ಮುಟ್ಟಿ ಕಣ್ಣಿಗೊತ್ತಿಕೊಂಡ. ಒಂದೇ ಕೆರೆಯ ನೀರು ಕುಡಿದವರೆಲ್ಲ ನಂಟರಾದರೆ ನಮ್ಮೂರಿನ ಎಮ್ಮೆಗಳೂ ನಂಟರೇ ಎಂದು ನಾನು ಅಡುಗೆಮನೆಯಲ್ಲಿ ಹಲ್ಲು ಕಡಿದೆ.

ಅವನು ಹೋದ ಮೇಲೆ ಅಮ್ಮ ತಟ್ಟೆಯಲ್ಲಿದ್ದ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೇಳಿದಳು: "ಬೇಳೆ ಮುಗಿದೈತೆ. ಇವತ್ತು ಈ ಶಲ್ಯ ಹಾಕಿ ಸಾರು ಮಾಡ್ಲಾ?"

"ಅವ್ರು ಪ್ರೀತಿಯಿಂದ ಕೊಟ್ಟಿದ್ದು ಕಣೇ."

"ಪ್ರೀತಿ ಅಂಗಡೀಲಿ ನಡೆಯುತ್ತಾ ಕೇಳ್ಕೊಂಡು ಬನ್ನಿ."

ಅಪ್ಪ ಅಂಗಡಿಗೆ ಹೋಗಿ ಸಾಲದಲ್ಲಿ ಬೇಳೆ ತಂದ.

ಇಷ್ಟು ಹೊತ್ತು ಹೇಳಿದ್ದು ಪರವೂರಿನ ನಂಟರ ಕತೆ. ಈಗ ಸ್ವಂತ ನಂಟರ ಕತೆಗೆ ಬರುತ್ತೇನೆ. ಶ್ರೀನಿವಾಸಪುರದಲ್ಲಿ ನಮ್ಮ ಸೋದರತ್ತೆ ಇದ್ದರು. ಅಪ್ಪನ ಒಬ್ಬಳೇ ತಂಗಿ, ರತ್ನಮ್ಮ. ನಮಗೆ ರತ್ನತ್ತೆ. ಅವರ ಗಂಡ ನಾರಾಯಣಪ್ಪ ಮಾವನದು ಮಾವಿನಕಾಯಿ ಮಂಡಿ. ರೈತರು ತೋಟದಿಂದ ಗಾಡಿಗಳಲ್ಲಿ ಕಾಯಿ ತಂದು ಮಂಡಿಯಲ್ಲಿ ಸುರಿಯುತ್ತಾರೆ, ಮಾವ ಅದನ್ನು ಹೊರಗಿನ ವ್ಯಾಪಾರಿಗಳಿಗೆ ಮಾರಿಸಿಕೊಟ್ಟು ತನ್ನ ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ರೈತರಿಗೆ ಕೊಡುತ್ತಾರೆ. ಚೆನ್ನಾಗಿಯೇ ಇದ್ದರು. ಮಹಡಿ ಮನೆ, ಅಂಗಳದಲ್ಲಿ ಸ್ವಂತ ಲಾರಿ. ಅವರ ಒಬ್ಬನೇ ಮಗ ಶಂಕರ, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು. ಕಾಯಿಯನ್ನು ಮೂಸಿ ನೋಡಿ ಯಾವ ದಿನ ಹಣ್ಣಾಗುತ್ತದೆ ಎಂದು ಹೇಳುವುದು ಬಿಟ್ಟರೆ ಬೇರೆ ಮಾತಿಗೆ ಬಾಯಿ ಬಿಡದ ಹುಡುಗ.

ಮಾವನಿಗೆ ವೇಮಗಲ್ ಹತ್ತಿರ ಪಿತ್ರಾರ್ಜಿತವಾಗಿ ಬಂದ ಜಮೀನಿತ್ತು. ಅದನ್ನು ಮಾರಬೇಕು. ಮಣ್ಣು ಒಳ್ಳೆಯದು, ಬಾವಿಯಿದೆ, ಹಿಪ್ಪುನೇರಳೆಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಅದಕ್ಕೆ ದಾರಿಯಿಲ್ಲ. ಪಕ್ಕದ ಹೊಲದ ಮುದುಕಿ ದಾರಿ ಬಿಡುವುದಿಲ್ಲ. ಅವಳಿಗೂ ಮಾವನ ತಂದೆಗೂ ಯಾವುದೋ ಕಾಲದಲ್ಲಿ ಬದುವಿನ ಮೇಲಿನ ಹುಣಿಸೆ ಮರ ಕಡಿದದ್ದಕ್ಕೆ ಜಗಳ. ದಾರಿಯಿಲ್ಲದ ಜಮೀನನ್ನು ಯಾರು ಮುಟ್ಟುತ್ತಾರೆ? ಬೇರೆ ದಲ್ಲಾಳಿಗಳೆಲ್ಲ ನೋಡಿ ಕೈ ತೊಳೆದುಕೊಂಡು ಹೋಗಿದ್ದರು.

"ಅಣ್ಣಾ, ನೀನೇ ಮಾಡಿಕೊಡ್ಬೇಕು. ನಮ್ಮೋರು ಅಂತ ನನಗೆ ನಿನ್ನ ಬಿಟ್ರೆ ಯಾರವ್ರೆ?" ಎಂದು ರತ್ನತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಷ್ಟು ಸಾಕು, ಅಪ್ಪ ಕರಗಿಹೋದ.

ವರ್ಷದ ಮೇಲಾಯಿತು. ಬೇರೆ ವ್ಯಾಪಾರಗಳನ್ನೆಲ್ಲ ಮೂಲೆಗೆ ಸರಿಸಿ ಅಪ್ಪ ವೇಮಗಲ್ ಬಸ್ ಹತ್ತುತ್ತಿದ್ದ. ಹೋದಾಗಲೆಲ್ಲ ಆ ಮುದುಕಿಯ ಜಗಲಿಯಲ್ಲಿ ಕೂರುವುದು. ಅವಳು ಹುಣಿಸೆ ಮರದ ಕತೆಯನ್ನು ಮೊದಲಿನಿಂದ ಶುರುಮಾಡುವುದು. ಅಪ್ಪ ಅದನ್ನು ಅದೇ ಮೊದಲ ಸಲ ಕೇಳುವವನಂತೆ "ಹೌದಾ? ಆಮೇಲೆ?" ಎಂದು ಕೇಳುವುದು. ಮನೆಗೆ ಬಂದು ನಮಗೂ ಹೇಳುತ್ತಿದ್ದ. ಆ ಮರದ ಯಾವ ಕೊಂಬೆ ಯಾವ ಕಡೆಗೆ ಬಾಗಿತ್ತು ಎಂಬುದು ನನಗೆ ಇವತ್ತಿಗೂ ಬಾಯಿಪಾಠ. ಕೊನೆಗೊಂದು ದಿನ ಮುದುಕಿ, "ನಿನ್ನ ಮೊಕ ನೋಡಿ ದಾರಿ ಬಿಡ್ತೀನಪ್ಪ. ಅವ್ರ ಮೊಕಕ್ಕಲ್ಲ" ಎಂದು ಹೆಬ್ಬೆಟ್ಟು ಒತ್ತಿದಳಂತೆ. ರೇಷ್ಮೆ ಬೆಳೆಯುವ ಒಬ್ಬ ರೈತ ಜಮೀನು ಕೊಂಡ. ದಾರಿ ಬಂದ ಮೇಲೆ ಅದರ ಬೆಲೆ ಎಲ್ಲಿಗೋ ಏರಿತ್ತು.

ರಿಜಿಸ್ಟ್ರಿಯ ದಿನ ಕೊಂಡವನು ಹೋಟೆಲಿನಲ್ಲೇ ತನ್ನ ಪಾಲನ್ನು ಎಲೆಯಲ್ಲಿಟ್ಟು ಅಪ್ಪನ ಕೈಗೆ ಕೊಟ್ಟು ನಮಸ್ಕಾರ ಮಾಡಿ ಹೋದ. ಅವನು ನಂಟನಲ್ಲವಲ್ಲ, ಪುಣ್ಯಾತ್ಮ. ರತ್ನತ್ತೆ, ಮಾವ ನಮ್ಮ ಮನೆಗೆ ಬಂದರು. ಆಗ ನಾನು ಪಿಯುಸಿ ಎರಡನೆಯ ವರ್ಷ. ಮುಂದೆ ಟಿ.ಸಿ.ಎಚ್. ಸೇರಿ ಮೇಷ್ಟ್ರಮ್ಮ ಆಗಬೇಕೆಂದು ಕನಸು ಕಟ್ಟಿಕೊಂಡವಳು. ನಂಟರ ಮನೆಗೆ ಹೋದಾಗ ಅವರ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಮಗ್ಗಿ ಹೇಳಿಸಿ ಹಿಂಸೆ ಕೊಡುತ್ತಿದ್ದೆ, ಅಷ್ಟು ಹುಚ್ಚು. ಕಾಫಿ ತಂದು ಅವರ ಮುಂದೆ ಇಡುತ್ತಿರುವಾಗ ರತ್ನತ್ತೆ ಚೀಲದಿಂದ ತಟ್ಟೆ ತೆಗೆದು ಜೋಡಿಸಿದರು. ಶಲ್ಯ, ಪಂಚೆ, ಎಲೆ ಅಡಿಕೆ. ಈ ಸಲ ಅಮ್ಮನಿಗೆ ಒಂದು ಸೀರೆಯೂ ಇತ್ತು. ನಾನು ಮನಸ್ಸಿನಲ್ಲೇ ಬೈದುಕೊಳ್ಳಲು ಶುರುಮಾಡಿದ್ದೆ, ಅಷ್ಟರಲ್ಲಿ ಅತ್ತೆ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು.

"ಅಣ್ಣಾ, ನಿನ್ನ ಕಮಿಷನ್ ಎಲ್ಲಿಗೂ ಹೋಗಿಲ್ಲ, ನಮ್ಮನೇಲೇ ಐತೆ ಅಂದ್ಕೋ. ಸರೋಜನ್ನ ನಮ್ಮ ಶಂಕರನಿಗೆ ತಂದ್ಕೋತೀವಿ. ವರದಕ್ಷಿಣೆ ಅನ್ನೋ ಮಾತೇ ಬೇಡ, ಅಲ್ಲಿಗಲ್ಲಿಗೆ ಸರಿಹೋಯ್ತು. ಇನ್ನೇನು, ಈ ಕಾಯಿ ಸೀಜನ್ ಮುಗೀತಿದ್ದಂಗೆ ಮದುವೆ ಇಟ್ಕೊಳ್ಳಾಣ. ಮುಂದಿನ ಸೀಜನ್ನಿಗೆ ಕೂಲಿಯೋರು, ಡ್ರೈವರುಗಳು ಅಂತ ಎಷ್ಟು ಎಲೆ ಬೀಳುತ್ತೋ! ನನ್ನೊಬ್ಬಳ ಕೈಲಿ ಅಡುಗೆ ಆಗಾಕಿಲ್ಲ."

ಅಲ್ಲಿಗಲ್ಲಿಗೆ ಸರಿಹೋಯ್ತಂತೆ! ನಾನು ಅಪ್ಪನ ಮುಖ ನೋಡಿದೆ. ಬೇಡ ಅನ್ನುತ್ತಾನೆ, ಕೊನೆಯ ಪಕ್ಷ ಮಗಳನ್ನು ಒಂದು ಮಾತು ಕೇಳುತ್ತೇನೆ ಅನ್ನುತ್ತಾನೆ ಎಂದು ಕಾದೆ. ಅಪ್ಪನ ಕಣ್ಣಲ್ಲಿ ನೀರು. "ನಿನ್ನ ಮನಸ್ಸು ದೊಡ್ಡದು ಕಣಮ್ಮ ರತ್ನ" ಎಂದು ತಟ್ಟೆ ತೆಗೆದುಕೊಂಡ. ಅಮ್ಮನೂ, ಶಲ್ಯದ ಸಾರು ಮಾಡುತ್ತೇನೆ ಎಂದಿದ್ದ ಅದೇ ಅಮ್ಮನೂ, ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ನೇವರಿಸುತ್ತಾ ಕೂತಿದ್ದಳು. ಗೊತ್ತಿರುವ ಮನೆ, ಸೋದರತ್ತೆಯ ಮಗ, ಮಹಡಿ ಮನೆ, ಕೈಬಿಡದ ಸಂಬಂಧ. ಇನ್ನೇನು ಬೇಕು? ಕಾಫಿ ಲೋಟಗಳನ್ನು ಎತ್ತಿಕೊಂಡು ಹೋಗಿ ತೊಳೆದೆ, ಒಂದರ ಅಂಚು ಸೊಟ್ಟಗಾಯಿತು.

ನನಗೆ ಶಂಕರನ ಮೇಲೆ ಸಿಟ್ಟಿರಲಿಲ್ಲ. ಸೋದರತ್ತೆಯ ಮಗನನ್ನು ಕಟ್ಟಿಕೊಳ್ಳುವ ಮೇನರಿಕದ ಮದುವೆ ನಮ್ಮಲ್ಲಿ ಹೊಸದೂ ಅಲ್ಲ. ಅತ್ತೆ ಸುಮ್ಮನೆ ಬಂದು ಹೆಣ್ಣು ಕೇಳಿದ್ದರೆ ಬಹುಶಃ ಅತ್ತು ಕರೆದು ಒಪ್ಪಿಬಿಡುತ್ತಿದ್ದೆನೋ ಏನೋ. ಆದರೆ ಅಪ್ಪನ ಒಂದು ವರ್ಷದ ಓಡಾಟ, ಅವನ ಬಸ್ ಚಾರ್ಜು, ಮುದುಕಿಯ ಹುಣಿಸೆ ಮರ, ಇದೆಲ್ಲದರ ಬದಲಿಗೆ ನನ್ನನ್ನೇ ತೂಗಿ ಚುಕ್ತಾ ಮಾಡಿದರಲ್ಲ, ಅದನ್ನು ಹೇಗೆ ನುಂಗಲಿ? ನೂರಕ್ಕೆ ಎರಡು, ಅದು ನಾನು!

ಪರೀಕ್ಷೆ ಮುಗಿದ ದಿನ ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದ ಅಪ್ಪನ ಹತ್ತಿರ ಹೋಗಿ ನಿಂತೆ.

"ಅಪ್ಪಾ, ನಾನು ಟಿ.ಸಿ.ಎಚ್. ಸೇರ್ತೀನಿ."

"ರತ್ನನಿಗೆ ಮಾತು ಕೊಟ್ಟಾಯ್ತಲ್ಲ ಕಣಮ್ಮ."

"ಯಾರ ಮಾತು ಕೊಟ್ಟೆ? ನಿನ್ನದಾ, ನನ್ನದಾ?"

ಅಪ್ಪ ಚೆಂಬು ಕೆಳಗಿಟ್ಟ. "ನೋಡು, ದಲ್ಲಾಳಿಯಾದೋನು ಕೈಯ್ಯಾರೆ ವ್ಯಾಪಾರ ಮುರೀಬಾರ್ದು. ಮುರಿದ್ರೆ ನಾಳೆ ನನ್ನ ಯಾರು ಜಗಲಿ ಹತ್ತಿಸ್ತಾರೆ? ಪಾರ್ಟಿನೇ ಬೇಡ ಅಂದ್ರೆ ಅದು ಬೇರೆ."

"ಹಂಗಾದ್ರೆ ನಾನು ಪಾರ್ಟಿ ಅಲ್ವಾ?"

"ನೀನು..." ಎಂದು ಅಪ್ಪ ನಿಲ್ಲಿಸಿದ. ನಾನೇ ಹೇಳಿದೆ.

"ನಾನು ಜಮೀನು. ಅಲ್ವಾ ಅಪ್ಪಾ?"

ಅಪ್ಪ ತೊಳೆದ ಕಾಲಿನ ಮೇಲೇ ಇನ್ನೊಂದು ಚೆಂಬು ನೀರು ಸುರಿದುಕೊಂಡ.

ಆದರೆ ಅವನು ಆಡಿದ್ದ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಪಾರ್ಟಿಯೇ ಬೇಡ ಅನ್ನಬೇಕು. ನನ್ನನ್ನು ಪಾರ್ಟಿ ಎಂದು ಯಾರೂ ಒಪ್ಪುವುದಿಲ್ಲ, ಹಾಗಾಗಿ ಆ ಕಡೆಯವರೇ ಬೇಡ ಅನ್ನಬೇಕು. ಅನ್ನಿಸುವುದು ಹೇಗೆ? ಎಂಥ ವ್ಯಾಪಾರವನ್ನಾದರೂ ಮುರಿಯುವುದು ಹೇಗೆ ಎಂದು ಚಿಕ್ಕಂದಿನಿಂದ ನನ್ನ ಕಿವಿಗೆ ತುಂಬಿದವನೂ ಅಪ್ಪನೇ. ಮುಗಿಯುವ ಮುಂಚೆ ಕಮಿಷನ್ ಮಾತು ಎತ್ತಬೇಕು.

ಟಿ.ಸಿ.ಎಚ್. ಅರ್ಜಿ ಹಾಕಲು ಇನ್ನು ಕೆಲವೇ ದಿನ ಉಳಿದಿತ್ತು. ಗೆಳತಿಯ ಮನೆಗೆ ಹೋಗಿ ಬರುತ್ತೇನೆ ಎಂದು ಅಮ್ಮನಿಗೆ ಹೇಳಿ ಶ್ರೀನಿವಾಸಪುರದ ಬಸ್ ಹತ್ತಿದೆ. ಕಾಯಿ ಸೀಜನ್ನಿನ ನಡುಮಧ್ಯ. ಊರಿಗೆ ಊರೇ ಘಮ್ಮೆನ್ನುತ್ತಿತ್ತು. ಮಾವನ ಮಂಡಿಯಲ್ಲಿ ಹುಲ್ಲಿನ ಮೇಲೆ ಬಾದಾಮಿ ಒಂದು ಕಡೆ, ರಸಪುರಿ ಒಂದು ಕಡೆ, ತೋತಾಪುರಿ ಗುಡ್ಡೆ ಇನ್ನೊಂದು ಕಡೆ. ರೈತರು, ವ್ಯಾಪಾರಿಗಳು, ಕೂಲಿಯವರು, ಕಿವಿ ಹರಿದುಹೋಗುವಷ್ಟು ಗದ್ದಲ. ಮಾವ ಗಾದಿಯ ಮೇಲೆ ಕೂತಿದ್ದರು. ಅತ್ತೆ ಊಟದ ಕ್ಯಾರಿಯರ್ ತಂದು ಪಕ್ಕದಲ್ಲಿ ನಿಂತಿದ್ದರು. ಅವರ ಮುಂದೆ ಮಾವನ ಸ್ವಂತ ತಮ್ಮ ಟವೆಲ್ಲಿನಲ್ಲಿ ಬೆವರೊರೆಸಿಕೊಳ್ಳುತ್ತಾ ನಿಂತಿದ್ದ. ಅವನ ತೋಟದ ಕಾಯಿಯೂ ಇದೇ ಮಂಡಿಗೆ ಬರುತ್ತಿತ್ತು. ಮಾವ ಅವನ ಕಾಯಿ ಮಾರಿದ ದುಡ್ಡಿನಲ್ಲಿ ತನ್ನ ಕಮಿಷನ್ ಮುರಿದುಕೊಂಡು ಉಳಿದದ್ದನ್ನು ಕೈಗೆ ಹಾಕಿದರು. ತಮ್ಮನೂ ಮಾತಾಡದೆ ಜೇಬಿಗಿಟ್ಟುಕೊಂಡ. ನಾನು ಮಂಡಿಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದೆ. ಬಸ್ಸಿನುದ್ದಕ್ಕೂ ಏನು ಹೇಳಬೇಕೆಂದು ತಡಕಾಡುತ್ತಾ ಬಂದಿದ್ದೆ. ಇನ್ನು ತಡಕಾಡುವ ಅಗತ್ಯವೇ ಇರಲಿಲ್ಲ.

"ಏನೇ ಸರೋಜಾ, ಒಬ್ಬಳೇ ಬಂದ್ಯಾ?" ಎಂದು ಅತ್ತೆ ಅರಳಿದರು.

"ಹೂಂ ಅತ್ತೆ. ಅಪ್ಪನ ಕಮಿಷನ್ ತಗೊಂಡು ಹೋಗೋಣ ಅಂತ ಬಂದೆ."

ಮಂಡಿಯ ಗದ್ದಲ ನಿಂತಿತು ಎಂದು ಬರೆದರೆ ಸುಳ್ಳಾಗುತ್ತದೆ. ಗದ್ದಲ ನಡೆದೇ ಇತ್ತು. ಆದರೆ ಹತ್ತಿರವಿದ್ದ ನಾಲ್ಕೈದು ತಲೆಗಳು ನನ್ನ ಕಡೆ ತಿರುಗಿದವು.

"ಯಾವ ಕಮಿಷನ್ನೇ?"

"ವೇಮಗಲ್ ಜಮೀನಿಂದು."

"ಅದು ಅವತ್ತೇ ತೀರ್ಮಾನ ಆಗ್ಲಿಲ್ವಾ? ನಿನ್ನೇ ತಂದ್ಕೋತೀವಿ ಅಂದ ಮೇಲೆ ಇನ್ನೇನು?"

"ಮದುವೆ ಬೇರೆ, ಕಮಿಷನ್ ಬೇರೆ ಅತ್ತೆ. ನನ್ನ ತಂದ್ಕೊಳ್ಳೋದಾದ್ರೆ ತಂದ್ಕೊಳ್ಳಿ. ಮೊದ್ಲು ಅದನ್ನ ಕೊಟ್ಟುಬಿಡಿ."

ಅತ್ತೆಯ ಮುಖ ಕೆಂಪಾಯಿತು. "ನಿಮ್ಮಪ್ಪ ಹೇಳಿ ಕಳಿಸಿದ್ನಾ?"

"ಅಪ್ಪ ಕಳಿಸಿಲ್ಲ. ನಾನು ಬಂದಿರೋದೂ ಅವನಿಗೆ ಗೊತ್ತಿಲ್ಲ. ಕೇಳೋಕೆ ಅವನಿಗೆ ಬಾಯಿಲ್ಲ. ನನಗಿದೆ."

ಮಾವ ಗಾದಿಯಿಂದಲೇ ಸಮಾಧಾನದ ದನಿಯಲ್ಲಿ, "ನಂಟರ ಹತ್ರ ಕಮಿಷನ್ ತಗೊಳ್ತಾರಾಮ್ಮ? ಎಲ್ಲಾದ್ರೂ ಉಂಟಾ?" ಎಂದರು.

ನನಗೆ ಬೇಕಾಗಿದ್ದುದೂ ಅದೇ. "ಈಗ ತಗೊಂಡ್ರಲ್ಲ ಮಾವ! ಸ್ವಂತ ತಮ್ಮನ ಹತ್ರ. ನಾನೇ ಕಣ್ಣಾರೆ ನೋಡ್ದೆ."

"ಅದು ಮಂಡಿ ಪದ್ಧತಿ ಕಣಮ್ಮ. ಮಂಡಿಯಂದ್ಮೇಲೆ ಖರ್ಚಿರುತ್ತೆ, ಓಡಾಟ ಇರುತ್ತೆ."

"ನಮ್ಮಪ್ಪ ಒಂದು ವರ್ಷ ವೇಮಗಲ್‌ಗೆ ಹಾರಿಕೊಂಡು ಹೋಗಿದ್ನಾ? ಅವನ ಕಾಲಿಗೆ ಖರ್ಚಿಲ್ವಾ? ನಿಮಗೆ ಮಂಡಿ ಹೆಂಗೋ ನಮ್ಮಪ್ಪನಿಗೆ ಆ ಹೋಟೆಲ್ ಬೆಂಚು ಹಂಗೆ. ನೀವು ತಮ್ಮನಿಗೆ ಒಂದು ಶಲ್ಯ ಹೊದಿಸಿ ಕಾಯಿ ಮಾರಿಕೊಡಿ ನೋಡೋಣ. ಇಲ್ಲಾಂದ್ರೆ ಅವ್ರ ಮನೇಲೂ ಹೆಣ್ಣುಮಕ್ಕಳಿದಾರೆ, ನಿಮ್ಮ ಕಮಿಷನ್‌ಗೆ ಒಬ್ಬಳನ್ನ ಹಿಡ್ಕೊಂಡುಬಿಡಿ!"

ಮಾವನ ತಮ್ಮ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ. ನಕ್ಕನೋ ಕೆಮ್ಮಿದನೋ ಗೊತ್ತಾಗಲಿಲ್ಲ. ಅತ್ತೆ ಕ್ಯಾರಿಯರನ್ನು ದಡಾರನೆ ಕೆಳಗಿಟ್ಟರು.

"ಥೂ, ಬಾಯಿ ನೋಡು ಇವಳದು! ಇಂಥ ಬಾಯಿಯಿರೋಳು ನಮ್ಮನೆಗೆ ಬೇಡವೇ ಬೇಡ. ನಾಳೆ ನನ್ನ ಹತ್ರಾನೂ ರೊಟ್ಟಿ ತಟ್ಟಿದ್ದಕ್ಕೆ ಕಮಿಷನ್ ಕೇಳ್ತಾಳೆ. ಹೋಗು, ನಿಮ್ಮಪ್ಪನಿಗೆ ಹೇಳು, ಸಂಬಂಧ ಇವತ್ತಿಗೆ ಮುರೀತು ಅಂತ!"

ವ್ಯಾಪಾರ ಮುರಿಯಿತು. ಪಾರ್ಟಿಯೇ ಬೇಡ ಅಂದಿತ್ತು. ನಾನು ಗೆದ್ದೆ ಅಂದುಕೊಂಡು ತಲೆಯೆತ್ತಿ ಹೊರಗೆ ಬಂದವಳು ಲಾರಿಯ ಮರೆಗೆ ಹೋಗಿ ನಿಂತು ಗಳಗಳ ಅತ್ತೆ. ಸಿಟ್ಟಿಗೆ ಅಳು ಬರುವ ಈ ದರಿದ್ರ ಅಭ್ಯಾಸ ನನಗೆ ಈಗಲೂ ಇದೆ. ಹಿಂದಿನಿಂದ ಶಂಕರ ಬಂದ. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಹಣ್ಣುಗಳು.

"ಬಸ್ ಸ್ಟ್ಯಾಂಡಿಗೆ ಬಿಡ್ತೀನಿ ನಡಿ" ಎಂದ. ಬಸ್ ಹತ್ತುವಾಗ ಹಣ್ಣು ಕೈಗಿಟ್ಟು, "ನನ್ನನ್ನೂ ಯಾರೂ ಕೇಳಿರ್ಲಿಲ್ಲ ಕಣೇ" ಎಂದ. "ಕೇಳಿದ್ರೆ ಹೂಂ ಅಂತಿದ್ದೆ" ಎಂದು ಸೇರಿಸಿದ. ಆಮೇಲೆ ಹಣ್ಣಿನ ಕಡೆ ಬೆರಳು ಮಾಡಿ, "ಇವತ್ತು ತಿನ್ಬೇಡ, ನಾಳಿದ್ದಿಗೆ ಆಗುತ್ತೆ" ಎಂದು ಹೊರಟುಹೋದ. ಒಳ್ಳೆಯ ಮನುಷ್ಯ. ಆಮೇಲೆ ಚಿಂತಾಮಣಿ ಕಡೆಯ ಹುಡುಗಿಯನ್ನು ಮದುವೆಯಾಗಿ ಚೆನ್ನಾಗಿದ್ದಾನೆ.

ನಾನು ಮನೆ ಸೇರುವ ಮುಂಚೆಯೇ ಮಂಡಿಯ ಲಾರಿಯವನ ಬಾಯಲ್ಲಿ ಸುದ್ದಿ ಸೇರಿತ್ತು. ಅಮ್ಮ ಹಣೆ ಚಚ್ಚಿಕೊಂಡಳು. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ, ಮಾತು ಬಿಟ್ಟ. "ಮಾನ ಕಳೆದುಬಿಟ್ಳು, ತಂಗಿ ಮನೆ ಬಾಗಿಲು ಮುಚ್ಚಿಸಿಬಿಟ್ಳು" ಎಂದು ನನಗೆ ಕೇಳುವ ಹಾಗೆ ಗೋಡೆಗೆ ಹೇಳಿದ. ನಾನು ಟಿ.ಸಿ.ಎಚ್. ಸೇರಿದೆ. ಬೇಡ ಎನ್ನಬೇಕಾದರೂ ಅಪ್ಪ ನನ್ನ ಜೊತೆ ಮಾತಾಡಬೇಕಿತ್ತಲ್ಲ!

ತಮಾಷೆ ನೋಡಿ. ರತ್ನತ್ತೆ ಸುಮ್ಮನಿರಲಿಲ್ಲ. ಗೋಪಾಲಪ್ಪ ಮಗಳನ್ನು ಬಿಟ್ಟು ವಸೂಲಿ ಮಾಡಿಸುತ್ತಾನೆ ಎಂದು ನಂಟರ ಮನೆಮನೆಗೂ ಡಂಗುರ ಸಾರಿದರು. ಅದರಿಂದ ಅಪ್ಪನಿಗೆ ಕೆಲಸ ತಪ್ಪಬೇಕಿತ್ತು. ತಪ್ಪಲಿಲ್ಲ. ದಾರಿಯಿಲ್ಲದ ಜಮೀನಿಗೆ ದಾರಿ ತರಿಸುವವನು ಇನ್ನೊಬ್ಬನೆಲ್ಲಿದ್ದ? ಬರುವವರು ಬರುತ್ತಲೇ ಇದ್ದರು. ಆದರೆ ಈಗ ತಟ್ಟೆಯಲ್ಲಿ ಶಲ್ಯದ ಕೆಳಗೆ ನೋಟೂ ಇರುತ್ತಿತ್ತು. ಪೂರ್ತಿಯಲ್ಲ, ಏನೋ ಅಷ್ಟಿಷ್ಟು. "ತಗೊಳ್ಳಪ್ಪ, ಆಮೇಲೆ ನಿನ್ನ ಮಗಳು ಬಂದಾಳು" ಎನ್ನುತ್ತಿದ್ದರಂತೆ. ನಾನು ನಂಟರ ಮನೆಯ ಮಕ್ಕಳಿಗೆ ತೋರಿಸುವ ಗುಮ್ಮ ಆಗಿದ್ದೆ. ಅಪ್ಪ ಮಾತ್ರ ಬಾಯಿ ಬಿಟ್ಟು ಯಾರನ್ನೂ ಕೇಳಲಿಲ್ಲ. ರತ್ನತ್ತೆಯ ಮನೆಯಿಂದಂತೂ ಇವತ್ತಿನವರೆಗೂ ಏನೂ ಬಂದಿಲ್ಲ.

ಮಾತು ನಿಧಾನವಾಗಿ ಸರಿಹೋಯಿತು. ಮೊದಲು ಅಮ್ಮನ ಮೂಲಕ, ಆಮೇಲೆ "ಚೆಂಬು ತಾ" ಎನ್ನುವಷ್ಟು, ಆಮೇಲೆ ಸಿಡುಕುವಷ್ಟು. ಆದರೆ ಮಂಡಿಯ ವಿಷಯ ಅಪ್ಪನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನಗೆ ಮುಳಬಾಗಿಲಿನ ಹತ್ತಿರದ ಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಎಂಬತ್ತರ ದಶಕದ ನಡುವೆ, ಸಂಬಳದಲ್ಲಿ ಉಳಿಸಿದ್ದನ್ನೂ ಸ್ಕೂಲಿನವರ ಚೀಟಿಯನ್ನೂ ಸೇರಿಸಿ ಕೋಲಾರದಲ್ಲಿ ನನ್ನ ಹೆಸರಿಗೇ ಒಂದು ಸೈಟು ತೆಗೆದುಕೊಳ್ಳಬೇಕೆಂದು ಅಪ್ಪನಿಗೆ ಹೇಳಿದೆ. ಅಪ್ಪನಿಗೆ ವಯಸ್ಸಾಗಿತ್ತು. ಮೊಣಕಾಲು ನೋವೆಂದು ಬೆಂಚಿಗೂ ಸರಿಯಾಗಿ ಹೋಗುತ್ತಿರಲಿಲ್ಲ. ಆದರೂ ಹೊರಟ. ಎಷ್ಟೋ ಸೈಟು ನೋಡಿದ. ಒಂದರ ಪತ್ರ ಸರಿಯಿಲ್ಲ, ಇನ್ನೊಂದು ಮಳೆಗಾಲದಲ್ಲಿ ನೀರು ನಿಲ್ಲುವ ಜಾಗ, ಮತ್ತೊಂದರ ಒಡೆಯನ ಮಾತು ಸರಿಯಿಲ್ಲ. ಕೊನೆಗೆ ಒಂದನ್ನು ಒಪ್ಪಿದ.

ರಿಜಿಸ್ಟ್ರಿ ಮುಗಿಯಿತು. ಅದೇ ಹೋಟೆಲು, ಅದೇ ದೋಸೆ. ಮಾರಿದವನು ತನ್ನ ಪಾಲನ್ನು ಎಲೆಯಲ್ಲಿಟ್ಟು ಅಪ್ಪನಿಗೆ ಕೊಟ್ಟು ಹೋದ. ನಾನು ಕೈ ತೊಳೆದು ಬಂದು ಹೊರಡೋಣ ಎಂದು ಬ್ಯಾಗು ಹೆಗಲಿಗೆ ಹಾಕಿಕೊಂಡೆ. ಅಪ್ಪ ಏಳಲಿಲ್ಲ. ಬಲಗೈಯನ್ನು ಮೇಜಿನ ಮೇಲೆ ಚಾಚಿ ನನ್ನ ಮುಖ ನೋಡುತ್ತಾ ಕೂತಿದ್ದ.

"ಕಮಿಷನ್" ಎಂದ.

ನಾನು ತಮಾಷೆ ಎಂದುಕೊಂಡು ನಕ್ಕೆ. ಅಪ್ಪ ನಗಲಿಲ್ಲ.

"ನೂರಕ್ಕೆ ಎರಡು. ತೆಗಿ."

ನನಗೆ ಸಿಟ್ಟು ನೆತ್ತಿಗೇರಿತು. ಊರಿನ ಎಮ್ಮೆಗಳಿಗೆಲ್ಲ ಬಿಟ್ಟಿ ಮಾಡಿಕೊಟ್ಟವನು, ತಂಗಿಯ ಮುಂದೆ ಬಾಯಿ ಬಿಡದವನು, ನನ್ನೊಬ್ಬಳ ಮುಂದೆ ಕೈ ಚಾಚಿದ್ದಾನೆ! ಮಂಡಿಯ ಹಳೆಯ ಸಿಟ್ಟನ್ನು ಹೀಗೆ ತೀರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡೆ. "ಅಪ್ಪಾ, ನಾನು ನಿನ್ನ ಮಗಳು!" ಎಂದೆ, ಹೋಟೆಲಿನವನು ತಿರುಗಿ ನೋಡುವಷ್ಟು ಜೋರಾಗಿ.

"ಗೊತ್ತು. ಅದಕ್ಕೇ ಕೇಳ್ತಿರೋದು" ಎಂದ ಅಪ್ಪ. "ಬೇರೆಯೋರ ಹತ್ರ ಕೇಳೋಕೆ ನನಗೆ ಇವತ್ತಿಗೂ ಬಾಯಿ ಬರಾಕಿಲ್ಲ ಕಣಮ್ಮ. ಒಂದ್ಸಲನಾದ್ರೂ ಕೇಳಿ ತಗೋಬೇಕು ಅಂತ ಆಸೆ."

ನಾನು ಬ್ಯಾಗು ಇಳಿಸಿದೆ. ಹೋಟೆಲಿನವನ ಹತ್ತಿರ ಎರಡು ವೀಳ್ಯದೆಲೆ ಇಸಿದುಕೊಂಡೆ. ಚೌಕಾಸಿ ಮಾಡಲಿಲ್ಲ, ಪೂರ್ತಿ ಇಟ್ಟು ಅವನ ಕೈಗೆ ಕೊಟ್ಟೆ. ನಾಲ್ಕು ತಾಲ್ಲೂಕುಗಳ ಜಮೀನು ಮಾರಿಸಿದ ಮನುಷ್ಯ ಅದನ್ನು ಬೆಳಗಿನ ಬೋಣಿಯ ದುಡ್ಡಿನ ಹಾಗೆ ಎರಡೂ ಕಣ್ಣಿಗೆ ಒತ್ತಿಕೊಂಡ. ಆ ಹೊತ್ತಿನಲ್ಲಿ ರತ್ನತ್ತೆ ಏನಾದರೂ ನನ್ನ ಕೈಗೆ ಸಿಕ್ಕಿದ್ದರೆ, ಇನ್ನೊಂದು ಸಲ ಜಗಳ ತೆಗೆಯುತ್ತಿದ್ದೆ.